ಅ.ನ.ಕೃ. ಕಾದಂಬರಿಗೂ ವ್ಯಾಪಾರ ಒಪ್ಪಂದಕ್ಕೂ ಏನು ನಂಟು?

ಅರಕಲಗೂಡನ್ನು ಹೆಸರಲ್ಲೇ ಹೊತ್ತಿದ್ದ ಅ.ನ.ಕೃ. ತೀರಿಕೊಂಡಿದ್ದು 1971ರಲ್ಲಿ. ಲೇಖಕ ತೀರಿದ ಮೇಲೆ 50 ವರ್ಷ ಹಕ್ಕು ಅನ್ನುವ ಹಳೇ ಕಾಪಿರೈಟ್ ಕಾನೂನೇ ಇದ್ದಿದ್ದರೆ 2022ರಿಂದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಈಗಿನ 60 ವರ್ಷದ ಲೆಕ್ಕದಲ್ಲಿ 2031 ಮುಗಿಯಬೇಕು. ವ್ಯಾಪಾರ ಒಪ್ಪಂದಗಳಲ್ಲಿ ಆಗಾಗ ತಲೆ ಎತ್ತುವ 70 ವರ್ಷದ ಷರತ್ತು ಇಲ್ಲಿಗೂ ಬಂದರೆ 2041. 1991ರಲ್ಲಿ ತೀರಿಕೊಂಡ ಗೊರೂರರ ಪುಸ್ತಕಗಳಿಗೆ 2061!

1710ರ ಇಂಗ್ಲೆಂಡ್ ಕಾನೂನು ಕೊಟ್ಟಿದ್ದು 14 ವರ್ಷ, ಲೇಖಕ ಬದುಕಿದ್ದರೆ ಇನ್ನೊಂದು 14. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದದ ದಾರಿಯಲ್ಲಿ, ಲೇಖಕ ತೀರಿದ ಮೇಲೆ 50 ವರ್ಷ ಅನ್ನೋದು ಕನಿಷ್ಠ ಅಳತೆಯಾಯಿತು. ಕಾಪಿರೈಟ್, ಪೇಟೆಂಟ್‌ಗಳಂಥ ಹಕ್ಕುಗಳಿಗಾಗಿ ಇರುವ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಇವತ್ತಿಗೂ ಕೇಳೋದು ಅಷ್ಟೇ. ಆದರೆ ಯುರೋಪ್ 1993ರಲ್ಲಿ, ಅಮೆರಿಕ 1998ರಲ್ಲಿ 70ಕ್ಕೆ ಹೋದವು. ಆಮೇಲೆ ಸುಂಕದ ಮಾತುಕತೆಗೆ ಕೂತಲ್ಲೆಲ್ಲ ಈ 70 ಕೂಡ ಬಂದು ಕೂತಿತು. ಆಸ್ಟ್ರೇಲಿಯಾ ಅಮೆರಿಕದ ಜೊತೆ ಸಹಿ ಹಾಕಿ 2005ರಲ್ಲಿ ಒಪ್ಪಿಕೊಂಡಿತು.

ಭಾರತದ ಕಥೆ ಬೇರೆ. ನಾವು 60ಕ್ಕೆ ಏರಿದ್ದು ಹೊರಗಿನವರ ಒತ್ತಾಯಕ್ಕಲ್ಲ. ರವೀಂದ್ರನಾಥ ಟ್ಯಾಗೋರ್ ತೀರಿಕೊಂಡಿದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ವಿಶ್ವಭಾರತಿಯಲ್ಲಿತ್ತು, 1991ರ ಕೊನೆಗೆ ಮುಗಿಯುತ್ತಿತ್ತು. ಡಿಸೆಂಬರ್ 28ಕ್ಕೆ ಸುಗ್ರೀವಾಜ್ಞೆ ಬಂತು. ಮರುವರ್ಷ ಅದೇ ಕಾನೂನಾಯಿತು. ಒಬ್ಬರಿಗಾಗಿ ಶುರುವಾದ ಹತ್ತು ವರ್ಷ ಎಲ್ಲರಿಗೂ ಸಿಕ್ಕಿತು, ಅ.ನ.ಕೃ. ಅವರಿಗೂ.

ಡಿಸೆಂಬರ್ ಕೊನೆ ಅನ್ನೋದನ್ನು ಸ್ವಲ್ಪ ಗಮನಿಸಿ. ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ಟಿಪಿಪಿ ಎಂಬ ದೊಡ್ಡ ವ್ಯಾಪಾರ ಒಪ್ಪಂದಕ್ಕೆ 2016ರಲ್ಲಿ 12 ದೇಶಗಳು ಸಹಿ ಹಾಕಿದವು, 70 ವರ್ಷವೂ ಅದರೊಳಗಿತ್ತು. 2017ರಲ್ಲಿ ಅಮೆರಿಕ ಎದ್ದು ಹೋಯಿತು. ಉಳಿದ 11 ದೇಶಗಳು ಆ ಷರತ್ತನ್ನು ಅಮಾನತಿನಲ್ಲಿಟ್ಟವು. ಅಲ್ಲಿಗೆ ಮುಗೀತು ಅಂದುಕೊಂಡರೆ, ಜಪಾನ್ 2018ರ ಡಿಸೆಂಬರ್ 30ಕ್ಕೆ 70 ಮಾಡಿಯೇ ಬಿಟ್ಟಿತು. ಕೆನಡಾ ಅಮೆರಿಕ, ಮೆಕ್ಸಿಕೊ ಜೊತೆಗಿನ ಒಪ್ಪಂದದ ಪ್ರಕಾರ 2022ರಲ್ಲಿ, ಅದೂ ಡಿಸೆಂಬರ್ 30ಕ್ಕೇ! ಅವಧಿ ಮುಗಿಯೋದು ಡಿಸೆಂಬರ್ 31ಕ್ಕೆ. ಹೊಸ ವರ್ಷ ಹುಟ್ಟಿದರೆ ಇನ್ನೊಂದಿಷ್ಟು ಲೇಖಕರ ಪುಸ್ತಕಗಳು ಎಲ್ಲರ ಸ್ವತ್ತಾಗುತ್ತವೆ. ಅಷ್ಟರೊಳಗೆ ಬಾಗಿಲು ಹಾಕಬೇಕು, ಅಲ್ವಾ?

ಮೊಮ್ಮಕ್ಕಳಿಗೂ ಗೌರವಧನ ಸಿಗಲಿ ಅನ್ನುವ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲಿ ಅವಧಿ ಕಡಿಮೆ ಇದ್ದರೆ ಯುರೋಪಿನಲ್ಲೂ ನಮ್ಮ ಕೃತಿಗಳಿಗೆ ಅಷ್ಟೇ ಅವಧಿ, ಇದೂ ನಿಜ. ಆದರೆ ಲೇಖಕ ಹೋಗಿ 60 ವರ್ಷವಾದ ಮೇಲೂ ದುಡ್ಡು ತರುವ ಕನ್ನಡ ಪುಸ್ತಕ ಎಷ್ಟಿವೆ? ಜಾಸ್ತಿ ಪುಸ್ತಕಗಳು ಅಂಗಡಿಯಲ್ಲೇ ಇಲ್ಲ. ವಾರಸುದಾರರು ಚದುರಿಹೋಗಿರುತ್ತಾರೆ, ಯಾರನ್ನು ಕೇಳೋದು ಅಂತಲೇ ಗೊತ್ತಾಗೋಲ್ಲ.

ಕಾಳುಮೆಣಸಿನ ಆಮದು ಅಂದರೆ ಸಕಲೇಶಪುರ, ಮೂಡಿಗೆರೆಯ ಬೆಳೆಗಾರರು ಒಪ್ಪಂದದ ಸಾಲು ಸಾಲು ಕೆದಕುತ್ತಾರೆ. ಅದೇ ಥರದ ಒಪ್ಪಂದದಲ್ಲಿರುವ ಕಾಪಿರೈಟ್ ಅಧ್ಯಾಯವನ್ನು ಇಲ್ಲಿನ ಪ್ರಕಾಶಕರು, ಲೈಬ್ರರಿಗಳು ಕೇಳಿದ್ದು ಕಡಿಮೆ. ವಾರಸುದಾರರು ಸಿಗದ ಪುಸ್ತಕಕ್ಕೆ ನಮ್ಮ ಕಾಪಿರೈಟ್ ಕಾನೂನಿನ 31ಎ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ, ಅಚ್ಚು ಹಾಕಲು ಅನುಮತಿ ಕೇಳಿ ಅರ್ಜಿ ಹಾಕಬಹುದು. ಅರ್ಜಿಗೆ ಮೊದಲು ದೇಶದ ಬಹುಭಾಗಕ್ಕೆ ಹೋಗುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಮರುಮುದ್ರಣ ಆಗಬೇಕಾದ್ದು ಕನ್ನಡ ಪುಸ್ತಕವಾದರೂ ಅಷ್ಟೇ. ಐನೂರು ಪ್ರತಿ ಹಾಕುವ ಪ್ರಕಾಶಕರಿಗೆ ಆ ಜಾಹೀರಾತಿನ ಖರ್ಚೇ ಗಿಟ್ಟೋಲ್ಲ.