ಗಿಟಾರಿನ ಮೇಲ್ಹಲಗೆ ತೆಳು ಮಾಡುವಾಗ: ನನ್ನನ್ನು ಕಾಡಿದ ಘನದ ಲೆಕ್ಕ

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಪ್ರೂಸ್ ಮರದ ಮೇಲ್ಹಲಗೆ ಸುಮಾರು 2ರಿಂದ 2.5 ಮಿ.ಮೀ. ಇರಬೇಕು ಅನ್ನುತ್ತಾರೆ. ನಾನೂ ಕ್ಯಾಲಿಪರ್ ಹಿಡಿದು ಆ ಅಂಕಿಯ ಬೆನ್ನು ಹತ್ತಿದ್ದೆ. ಆದರೆ ಒಂದೇ ದಪ್ಪಕ್ಕೆ ಇಳಿಸಿದ ಎರಡು ಹಲಗೆಗಳಲ್ಲಿ ಒಂದು ಹಸಿ ಹಪ್ಪಳದ ಹಾಗೆ ಬಳುಕಿತು, ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ನಾವು ಹಿಡಿಯಬೇಕಾದದ್ದು ದಪ್ಪವನ್ನಲ್ಲ, ಬಿರುಸನ್ನು, ಅಂದರೆ ಬಗ್ಗಿಸಿದರೆ ಬಗ್ಗದೆ ಎದುರು ನಿಲ್ಲುವ ಗುಣವನ್ನು.

ಈ ಹಲಗೆಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ, ಮೇಲ್ಹಲಗೆಗೆ ಮಾತ್ರ ಒಳ್ಳೆಯ ಮರ ಹಾಕಿ ಗಿಟಾರ್ ಕಟ್ಟಿದ. ನಾದ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಲ್ಲಿ ಎಂದು ತೋರಿಸುವುದೇ ಅವನ ಉದ್ದೇಶ.

ನಾನು ಮುಗ್ಗರಿಸಿದ ಜಾಗ

ಬಿರುಸು ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಬದಲಾಗುತ್ತದೆ. ಇದನ್ನು ಬಾಯಿಪಾಠ ಮಾಡಿದ್ದೆ, ಅರ್ಥವಾಗಿರಲಿಲ್ಲ. ಅರ್ಥ ಮಾಡಿಸಿದ್ದು ಎರಡು ಮರದ ಸ್ಕೇಲು. ಒಂದರ ಮೇಲೊಂದು ಇಟ್ಟು ಬಗ್ಗಿಸಿ, ತುದಿಗಳನ್ನು ನೋಡಿ: ಒಂದು ಇನ್ನೊಂದರ ಮೇಲೆ ಜಾರುತ್ತದೆ. ಬಿರುಸು ಎರಡು ಪಟ್ಟು, ಅಷ್ಟೇ. ಈಗ ಅವನ್ನು ಫೆವಿಕಾಲ್ ಹಾಕಿ ಅಂಟಿಸಿ, ಒಣಗಿದ ಮೇಲೆ ಬಗ್ಗಿಸಿ. ಬಿರುಸು ಎಂಟು ಪಟ್ಟು! ಜಾರಲು ದಾರಿಯಿಲ್ಲದ್ದರಿಂದ ಹೊರಮೈ ಹಿಗ್ಗಲೇಬೇಕು, ಒಳಮೈ ಕುಗ್ಗಲೇಬೇಕು. ಮರ ಎರಡರಷ್ಟು, ಹೊರಮೈ ಹಿಗ್ಗುವುದು ಎರಡರಷ್ಟು, ಹಿಗ್ಗದೆ ಕುಗ್ಗದೆ ಉಳಿಯುವ ನಡುಗೆರೆಯಿಂದ ಅದು ಇರುವ ದೂರವೂ ಎರಡರಷ್ಟು, ಹಾಗಾಗಿ ಸನ್ನೆಗೋಲಿನ ಬಲವೂ ಎರಡರಷ್ಟು. ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು.

ಹಾಗಾದರೆ ಮೇಲ್ಹಲಗೆಯನ್ನು 2.8 ಮಿ.ಮೀ.ನಿಂದ 2.5ಕ್ಕೆ ಇಳಿಸಿದಾಗ ಬಿರುಸು ಸುಮಾರು 29% ಹೋಯಿತು. ತಟ್ಟಿದಾಗ ಬರುವ ಸ್ವರವೂ ಅಷ್ಟೇ ಕುಸಿಯಬೇಕಲ್ಲವೇ? ಕುಸಿಯಲಿಲ್ಲ. ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ, ಮೊದಲು ಎರಡು ಮನೆ ಶ್ರುತಿಗೆ ಸೇರುತ್ತಿದ್ದದ್ದು ಒಂದು ಮನೆಗೆ ಬಂತು. ನಡುವಿನ ಕಪ್ಪು ಮನೆಯನ್ನೂ ಎಣಿಸಿದರೆ ಎರಡೇ ಸ್ವರಸ್ಥಾನ, ಅಂದರೆ ಕಂಪನಾಂಕದಲ್ಲಿ ಸುಮಾರು 11%. ಎರಡು ದಿನ ನನ್ನ ಅಳತೆಯೇ ತಪ್ಪೆಂದುಕೊಂಡಿದ್ದೆ. ಮರೆತದ್ದು ತೂಕವನ್ನು. ಹಲಗೆ ತೆಳುವಾದಾಗ ಹಗುರವೂ ಆಗುತ್ತದೆ, ಹಗುರವಾದದ್ದು ಬೇಗ ಕಂಪಿಸುತ್ತದೆ. ಬಿರುಸು ದಪ್ಪದ ಘನ, ತೂಕ ದಪ್ಪದಷ್ಟೇ; ಭಾಗಿಸಿದರೆ ಉಳಿಯುವುದು ವರ್ಗ. ಕಂಪನಾಂಕ ಅದರ ವರ್ಗಮೂಲ. ಕೊನೆಗೆ ಸಿಗುವುದು ಬರೀ ದಪ್ಪ.

ಆದ್ದರಿಂದ ಕಿವಿಯೊಂದನ್ನೇ ನಂಬಬೇಡಿ. ಹಲಗೆಯ ಎರಡು ತುದಿಗೆ ಆಸರೆ ಕೊಟ್ಟು, ನಡುವೆ ತೂಕವಿಟ್ಟು, ಎಷ್ಟು ತಗ್ಗಿತು ಎಂದು ಅಳೆಯಿರಿ. ಮೊದಲು 5 ಮಿ.ಮೀ. ತಗ್ಗುತ್ತಿದ್ದದ್ದು ಈಗ 7 ತಗ್ಗುತ್ತದೆ. ಕಿವಿಗೆ ಸಣ್ಣದೆನಿಸಿದ ಬದಲಾವಣೆ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ.

ತಟ್ಟುವಾಗ ಹಿಡಿಯುವುದೆಲ್ಲಿ

ತುದಿಯಿಂದ ಉದ್ದದ 22% ದೂರದಲ್ಲಿ. 54 ಸೆಂ.ಮೀ. ಹಲಗೆಗೆ ಸುಮಾರು 12 ಸೆಂ.ಮೀ. ಉದ್ದಕ್ಕೆ ಬಾಗುವ ಮೊದಲ ಕಂಪನದಲ್ಲಿ ಅಲುಗದೆ ನಿಲ್ಲುವ ಗೆರೆ ಅದು. ಅಲ್ಲಿ ಎರಡೇ ಬೆರಳಲ್ಲಿ ಹಿಡಿದು ನಡುವೆ ತಟ್ಟಿದರೆ ‘ಡಂ’ ಎಂದು ನಿಲ್ಲುತ್ತದೆ. ಬೇರೆಲ್ಲೋ ಹಿಡಿದರೆ ‘ಟಪ್’ ಎಂದು ಸಾಯುತ್ತದೆ.

ಒಳಪಟ್ಟಿಗಳು

ಮೇಲ್ಹಲಗೆಯ ಒಳಮೈಗೆ ಬಲಕ್ಕೆಂದು ಅಂಟಿಸುವ ಮರದ ಪಟ್ಟಿಗಳಿವು. ಅದೇ ಘನ ಇಲ್ಲೂ ಕೆಲಸ ಮಾಡುತ್ತದೆ. ಪಟ್ಟಿಯೊಂದನ್ನೇ ತೆಗೆದುಕೊಂಡರೆ, 6 ಮಿ.ಮೀ. ಎತ್ತರವನ್ನು 5 ಮಾಡಿದಾಗ ಬಿರುಸು 42% ಹೋಗುತ್ತದೆ; 6 ಮಿ.ಮೀ. ಅಗಲವನ್ನು 5 ಮಾಡಿದಾಗ 17% ಮಾತ್ರ. ಹೋದ ಮರ ಎರಡರಲ್ಲೂ ಒಂದೇ. ಹಗುರ ಮಾಡಬೇಕಿದ್ದರೆ ಪಕ್ಕದಿಂದ ಹೆರೆಯಿರಿ, ನೆತ್ತಿ ಮುಟ್ಟಬೇಡಿ.

ಒಳಪಟ್ಟಿಗಳನ್ನು ಮಳೆಗಾಲದ ತೇವದಲ್ಲಿ ಅಂಟಿಸಬೇಡಿ. ಉಬ್ಬಿದ ಹಲಗೆ ಬೇಸಿಗೆಯಲ್ಲಿ ಅಡ್ಡಕ್ಕೆ ಕುಗ್ಗಲು ಹೋಗುತ್ತದೆ, ಪಟ್ಟಿ ಬಿಡುವುದಿಲ್ಲ, ಎಳೆಯುದ್ದಕ್ಕೂ ಸೀಳು ಬೀಳುತ್ತದೆ. ಗಾಳಿಯ ತೇವ 45–50%ಗೆ ಇಳಿದು, ಹಲಗೆ ಕೆಲವು ದಿನ ಅದರಲ್ಲೇ ಇದ್ದ ಮೇಲೆ ಅಂಟು ಮುಟ್ಟಿ.