ಸಿಸಿ ಒಂದೇ, ಬೈಕ್ ಬೇರೆ

ಹೊಸ ಬೈಕ್ ತಂದವರನ್ನು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಜನ ಮೊದಲು ಕೇಳುವುದು ‘ಎಷ್ಟು ಸಿಸಿ?’ ಎಂದು, ಅಂದರೆ ಎಂಜಿನ್ ಎಷ್ಟು ದೊಡ್ಡದು ಎಂದು. ಆಮೇಲಿನ ಪ್ರಶ್ನೆ ಮೈಲೇಜಿನದು. ಎರಡೂ ಕೇಳಬೇಕಾದವೇ. ಆದರೆ ಬೈಕ್ ಯಾವ ಬಗೆಯದು ಎಂಬುದು ಈ ಎರಡರಿಂದಲೂ ತಿಳಿಯುವುದಿಲ್ಲ. ಕೆಟಿಎಂ ಕಂಪನಿ 373 ಸಿಸಿಯ ಒಂದೇ ಎಂಜಿನ್ನಿನಿಂದ 390 ಡ್ಯೂಕ್, ಆರ್‌ಸಿ 390, 390 ಅಡ್ವೆಂಚರ್ ಎಂಬ ಮೂರು ಗಾಡಿಗಳನ್ನು ಮಾಡಿ ಮಾರಿತು. ಮೊದಲನೆಯದು ನೇಕೆಡ್ (ಮುಂದೆ ಹೊದಿಕೆ ಇಲ್ಲದ್ದು), ಎರಡನೆಯದು ಸ್ಪೋರ್ಟ್ಸ್, ಮೂರನೆಯದು ಹೆಸರೇ ಹೇಳುವಂತೆ ಅಡ್ವೆಂಚರ್. ಒಂದರ ಮೇಲೆ ಆರಾಮವಾಗಿ ಹೋಗುವ ದಾರಿಯಲ್ಲಿ ಇನ್ನೊಂದರ ಮೇಲೆ ಹೋದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಬಗೆ ತೀರ್ಮಾನವಾಗುವುದು ಸವಾರನ ಮೈ ಗಾಡಿಗೆ ತಾಗುವ ಮೂರು ಜಾಗಗಳಲ್ಲಿ: ಹ್ಯಾಂಡಲ್, ಸೀಟು, ಫುಟ್‌ರೆಸ್ಟ್. ಇವುಗಳಲ್ಲಿ ಯಾವುದೇ ಒಂದು ನಾಲ್ಕು ಬೆರಳಿನಷ್ಟು ಹಿಂದೆ ಮುಂದೆ ಸರಿದರೂ ಮೈಭಾರ ಬೀಳುವ ಜಾಗ ಬದಲಾಗುತ್ತದೆ. ಚಕ್ರದ ಗಾತ್ರ, ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ, ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗುತ್ತದೆ ಎಂಬುದೆಲ್ಲ ನಂತರದ ಲೆಕ್ಕ.

ನಮ್ಮ ರಸ್ತೆಗಳಲ್ಲಿ ಕಾಣುವ ಬಹುಪಾಲು ಬೈಕುಗಳು ಕಮ್ಯೂಟರ್, ಅಂದರೆ ದಿನನಿತ್ಯದ ಓಡಾಟದ ಬಗೆಯವು. 1985ರಲ್ಲಿ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದು ಈ ಬಗೆಗೆ ಒಂದು ರೂಪ ಕೊಟ್ಟವು. ನೆಟ್ಟಗೆ ಕೂರುವ ಭಂಗಿ, ಮೊಣಕಾಲಿನ ಕೆಳಗೇ ಬರುವ ಫುಟ್‌ರೆಸ್ಟ್, ಉದ್ದನೆಯ ಚಪ್ಪಟೆ ಸೀಟು, ಸಣಕಲು ಟೈರು, ಚೈನಿಗೆ ಪೂರ್ತಿ ಮುಚ್ಚಳ. ಹಿಂದೆ ಕೂತವರ ಸೀರೆ ಚಕ್ರಕ್ಕೆ ಸಿಗದಂತೆ ಹಾಕುವ ಗಾರ್ಡು ಕಂಪನಿಯವರ ಔದಾರ್ಯವಲ್ಲ, ಮೋಟಾರು ವಾಹನ ನಿಯಮದಲ್ಲೇ ಇರುವುದು. ಈ ಗಾಡಿಗಳನ್ನು ‘ಸಾದಾ ಬೈಕ್’ ಎಂದು ಹಗುರಾಗಿ ಮಾತಾಡುವವರು ಮುಂಡರಗಿ ಕಡೆಯ ಸಂತೆಯ ದಿನ ರಸ್ತೆ ಬದಿಗೆ ನಿಂತು ನೋಡಬೇಕು. ಗಂಡ, ಹೆಂಡತಿ, ನಡುವೆ ಮಗು, ಟ್ಯಾಂಕಿನ ಮೇಲೆ ಚೀಲ. ಇಷ್ಟನ್ನು 97.2 ಸಿಸಿಯ ಎಂಜಿನ್ ಗೊಣಗದೆ ಎಳೆಯುತ್ತದೆ. ಹೊರೆಯಲ್ಲಿ ಇದನ್ನೂ ಮೀರಿಸುವುದು ಮೊಪೆಡ್ ಆದ ಟಿವಿಎಸ್ ಎಕ್ಸ್‌ಎಲ್. ಕಾಲುಗಳ ನಡುವೆ ಖಾಲಿ ಜಾಗ ಇರುವುದರಿಂದ ಮೂಟೆ ಮುಂದೆಯೇ ಕೂರುತ್ತದೆ, ಭಾರ ಎರಡೂ ಚಕ್ರಕ್ಕೆ ಹಂಚಿಹೋಗುತ್ತದೆ.

ಕ್ರೂಸರ್‌ನಲ್ಲಿ ಸೀಟು ತಗ್ಗು, ಫುಟ್‌ರೆಸ್ಟ್ ಮುಂದೆ, ಹ್ಯಾಂಡಲ್ ಸವಾರನ ಕಡೆಗೆ ಬಾಗಿ ಬಂದಿರುತ್ತದೆ. ಆರಾಮ ಕುರ್ಚಿಯಲ್ಲಿ ಕಾಲು ಚಾಚಿದಂತೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು, ಹಾಗಾಗಿ ಹುಬ್ಬಳ್ಳಿಯಿಂದ ಹಾವೇರಿಗೆ ಹೆದ್ದಾರಿಯಲ್ಲಿ ನೇರ ಹೋಗಲು ಹೇಳಿ ಮಾಡಿಸಿದ್ದು. ಆದರೆ ರಸ್ತೆಯಲ್ಲಿ ತಗ್ಗು ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲಾಗುವುದಿಲ್ಲ, ಪೆಟ್ಟು ಸೀದಾ ಬೆನ್ನುಮೂಳೆಗೆ. ಬಜಾಜ್ ಅವೆಂಜರ್, ರಾಯಲ್ ಎನ್‌ಫೀಲ್ಡ್ ಮೀಟಿಯರ್ ಈ ಗುಂಪಿನವು. ಬುಲೆಟ್ಟನ್ನೂ ಹಲವರು ಕ್ರೂಸರ್ ಎನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಅದರ ಶಬ್ದ ಗಂಭೀರ, ಮೈ ಭಾರ, ಆದರೆ ಕೂರುವುದು ನೆಟ್ಟಗೆ. ಅದು ಹಳೆಯ ಕಾಲದ ರೋಡ್‌ಸ್ಟರ್, ಅಂದರೆ ನೆಟ್ಟಗೆ ಕೂತು ಓಡಿಸುವ ರಸ್ತೆ ಬೈಕ್.

ಸ್ಪೋರ್ಟ್ಸ್ ಬೈಕ್ ಇದಕ್ಕೆ ತದ್ವಿರುದ್ಧ. ಹ್ಯಾಂಡಲ್ ತಗ್ಗು, ಫುಟ್‌ರೆಸ್ಟ್ ಎತ್ತರ ಮತ್ತು ಹಿಂದೆ, ಎದೆ ಟ್ಯಾಂಕಿನ ಮೇಲೆ. ಮುಂದಿನ ಹೊದಿಕೆ, ಅಂದರೆ ಫೇರಿಂಗ್, ಗಾಳಿಯನ್ನು ಸೀಳುತ್ತದೆ. ವೇಗದಲ್ಲಿ ಎದೆಗೆ ಬಡಿಯುವ ಗಾಳಿಯೇ ಮೈಭಾರವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಚೆನ್ನಮ್ಮ ವೃತ್ತದ ಸಿಗ್ನಲ್ಲಿನಲ್ಲಿ ಅಂಥ ಗಾಳಿ ಎಲ್ಲಿಂದ ಬರಬೇಕು? ಭಾರವೆಲ್ಲ ಮಣಿಕಟ್ಟಿಗೆ. ಅದೇ ಗಾಡಿಯ ಫೇರಿಂಗ್ ಬಿಚ್ಚಿ, ಅಗಲವಾದ ಹ್ಯಾಂಡಲ್ ಕೂರಿಸಿದರೆ ನೇಕೆಡ್. ಎಂಜಿನ್, ಚೌಕಟ್ಟು ಎಲ್ಲ ಹೊರಗೆ ಕಾಣುತ್ತವೆ. ಊರೊಳಗೆ ಓಡಾಡಿ ವಾರಕ್ಕೊಮ್ಮೆ ದಾಂಡೇಲಿ ದಾರಿ ಹಿಡಿಯುವವರಿಗೆ ನನ್ನ ಮತ ಇದಕ್ಕೇ.

ಸ್ಕ್ರಾಂಬ್ಲರ್, ಕೆಫೆ ರೇಸರ್ ಎಂಬವು ಈಗ ಹೆಚ್ಚಾಗಿ ಚೆಂದದ ಮಾತುಗಳು. ಒಂದು ಮಣ್ಣು ದಾರಿಗೆ, ಇನ್ನೊಂದು ವೇಗಕ್ಕೆ ತಿದ್ದಿಕೊಂಡ ರಸ್ತೆ ಬೈಕುಗಳ ವಂಶದವು.

ಡಾಂಬರು, ಮಣ್ಣು ಎರಡೂ ದಾರಿಗೆ ಹೊಂದುವ ಅಡ್ವೆಂಚರ್ ಬೈಕಿನ ವಿಷಯವನ್ನು ಕೊಂಚ ಬಿಡಿಸಿ ಹೇಳಬೇಕು. 2016ರಲ್ಲಿ ಬಂದ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ಗೆ ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ. ದೊಡ್ಡ ಚಕ್ರ ತಗ್ಗಿನೊಳಗೆ ಇಳಿಯದೆ ದಾಟುತ್ತದೆ. ಹ್ಯಾಂಡಲ್ ಎತ್ತರವಾಗಿದ್ದು ಫುಟ್‌ರೆಸ್ಟ್ ಕೆಳಗೇ ಇರುವುದರಿಂದ ನಿಂತು ಓಡಿಸಬಹುದು. ಮಣ್ಣು ದಾರಿಗೆಂದೇ ಮಾಡಿದ ಬೈಕುಗಳಲ್ಲಿ ಮುಂದಿನ ಮಡ್‌ಗಾರ್ಡ್ ಟೈರಿಗೆ ಅಂಟಿಕೊಳ್ಳದೆ ಕೊಕ್ಕಿನಂತೆ ಮೇಲೆ ನಿಂತಿರುವುದಕ್ಕೂ ಕಾರಣವಿದೆ. ನವಲಗುಂದ, ನರಗುಂದದ ಎರೆಹೊಲದ ದಾರಿಯಲ್ಲಿ ಮಳೆ ಬಿದ್ದ ಮರುದಿನ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ರಾಡಿ ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಸಂದಿಯಲ್ಲಿ ಗಟ್ಟಿಯಾಗಿ ತುಂಬುತ್ತದೆ. ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಆಗ ಜಾಲಿ ಕಡ್ಡಿ ಮುರಿದುಕೊಂಡು ಸಂದಿ ಕೆದರುತ್ತ, ಹತ್ತು ಮಾರು ತಳ್ಳುತ್ತ, ಮತ್ತೆ ಕೆದರುತ್ತ ಡಾಂಬರಿನವರೆಗೆ ಬರಬೇಕು.

ಹಾಗೆಂದು ಎರೆಹೊಲದ ರೈತರು ಹಿಮಾಲಯನ್ ಕೊಳ್ಳಲಿ ಎಂದರೆ ಅದರ ತೂಕ ಹೆಚ್ಚುಕಮ್ಮಿ 200 ಕಿಲೋ. ಸ್ಪ್ಲೆಂಡರ್ ಸುಮಾರು 112. ರಾಡಿಯಲ್ಲಿ ಅಡ್ಡ ಬಿದ್ದ ಸ್ಪ್ಲೆಂಡರನ್ನು ಒಬ್ಬರೇ ಎತ್ತಬಹುದು, ಹಿಮಾಲಯನ್ ಬಿದ್ದರೆ ಪಕ್ಕದ ಹೊಲದವರನ್ನು ಕೂಗಬೇಕು.

ಎಂಜಿನ್ ಪಿಸ್ಟನ್ನಿನ ಎರಡು ಓಟಕ್ಕೊಮ್ಮೆ ಶಕ್ತಿ ಕೊಡುವ ಟೂ ಸ್ಟ್ರೋಕೋ, ನಾಲ್ಕು ಓಟಕ್ಕೊಮ್ಮೆ ಕೊಡುವ ಫೋರ್ ಸ್ಟ್ರೋಕೋ ಎಂಬುದು ಬೇರೆಯೇ ವಿಂಗಡಣೆ. ಯಮಹಾ ಆರ್‌ಎಕ್ಸ್ 100 ಕೂರುವ ಭಂಗಿಯಲ್ಲಿ ಅಪ್ಪಟ ಕಮ್ಯೂಟರ್. ಅದಕ್ಕೆ ಹೆಸರು ತಂದಿದ್ದು 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನಿನ ನೆಗೆತ.

ಆರ್‌ಟಿಒ ಕಚೇರಿಗೆ ಈ ಹೆಸರುಗಳಾವುವೂ ಬೇಕಿಲ್ಲ. ನಂಬರು ಧಾರವಾಡದ ಕೆಎ 25 ಇರಲಿ, ಗದಗಿನ 26 ಇರಲಿ, ಹಾವೇರಿಯ 27 ಇರಲಿ, ದಾಖಲೆಯಲ್ಲಿ ಎಲ್ಲವೂ ಮೋಟಾರ್ ಸೈಕಲ್ಲೇ. ಹೀಗಾಗಿ ಕಂಪನಿಗಳು ಸಾದಾ ಬೈಕಿಗೆ ಒಂದು ಕೊಕ್ಕು, ಎರಡು ಸ್ಟಿಕರ್ ಅಂಟಿಸಿ ಅಡ್ವೆಂಚರ್ ಎಂದು ಮಾರಿದರೂ ತಡೆಯುವವರಿಲ್ಲ. ಶೋರೂಮಿನಲ್ಲಿ ಮುಂದಿನ ಟೈರಿನ ಮೇಲೆ 90/90-21 ಎಂಬಂತೆ ಬರೆದ ಅಳತೆಯ ಕೊನೆಯ ಅಂಕಿ ನೋಡಿ, ಅದು ಇಂಚಿನಲ್ಲಿ ಚಕ್ರದ ಗಾತ್ರ. ಅಲ್ಲಿ 17 ಎಂದಿದ್ದರೆ ಅದು ಮುಖ್ಯವಾಗಿ ಡಾಂಬರು ರಸ್ತೆಯ ಗಾಡಿ, ಟ್ಯಾಂಕಿನ ಮೇಲೆ ಪರ್ವತದ ಚಿತ್ರ ಎಷ್ಟೇ ದೊಡ್ಡದಿರಲಿ.