ಕೊಬ್ಬು ಹೆಪ್ಪುಗಟ್ಟಿಸುವ ಯಂತ್ರ: ಮಗುವಿನ ಕೆನ್ನೆಯಿಂದ ಕರ್ವೆ ರಸ್ತೆಯವರೆಗೆ

ಪುಣೆಯ ಕೊತ್ರೂಡಿನಲ್ಲಿರುವ ನಮ್ಮ ವೈನಿ (ಅತ್ತಿಗೆ) ಸೊಂಟದ ಕೊಬ್ಬು ಕರಗಿಸಿಕೊಳ್ಳಲು ಕರ್ವೆ ರಸ್ತೆಯ ಒಂದು ಕ್ಲಿನಿಕ್ಕಿಗೆ ಹೋದಾಗ ಜೊತೆಗೆ ನಾನೂ ಇದ್ದೆ. ಚರ್ಮದ ಮೇಲೆ ಜೆಲ್ ತುಂಬಿದ ತೆಳುವಾದ ಹಾಳೆ ಹಾಸಿದರು. ಯಂತ್ರದ ಬಟ್ಟಲು ಸೊಂಟದ ಮಡಿಕೆಯನ್ನು ಒಳಗೆಳೆದುಕೊಂಡು ಹಿಡಿಯಿತು. ಮುಕ್ಕಾಲು ಗಂಟೆ ಬಿಟ್ಟು ಬಟ್ಟಲು ತೆಗೆದರೆ, ಫ್ರಿಜ್ಜಿನಿಂದ ತೆಗೆದ ಬೆಣ್ಣೆಯ ಗಟ್ಟಿಯಂತೆ ಆ ಭಾಗ ಅದೇ ಆಕಾರದಲ್ಲಿ ಎದ್ದು ನಿಂತಿತ್ತು. "ಮುಟ್ಟಿ ನೋಡು, ಕಲ್ಲಾಗ್ಯದ," ಅಂದರು ವೈನಿ. ನರ್ಸ್ ಎರಡು ನಿಮಿಷ ಜೋರಾಗಿ ತಿಕ್ಕುವಾಗ ಅವರ ಕಣ್ಣಲ್ಲಿ ನೀರು ಬಂತು.

ಈ ಚಿಕಿತ್ಸೆಯ ಹೆಸರು ಕ್ರಯೋಲಿಪೊಲಿಸಿಸ್, ಅಂದರೆ ತಂಡಿಯಿಂದ ಕೊಬ್ಬು ಕರಗಿಸುವುದು. ಇದರ ಬೇರು ಇರುವುದು ಐಸ್ ಕ್ಯಾಂಡಿ ಚೀಪಿದ ಮಗುವಿನ ಕೆನ್ನೆಯಲ್ಲಿ. ಹಾಗೆ ಚೀಪಿದ ಮೇಲೆ ಕೆನ್ನೆ ಕೆಂಪಾಗಿ ಗಂಟುಕಟ್ಟಿ, ಒಳಗಿನ ಕೊಬ್ಬು ಸತ್ತದ್ದನ್ನು 1970ರಲ್ಲಿ ಅಮೆರಿಕದ ವೈದ್ಯರು ದಾಖಲಿಸಿ 'ಪಾಪ್ಸಿಕಲ್ ಪ್ಯಾನಿಕ್ಯುಲೈಟಿಸ್' ಎಂದು ಕರೆದರು. ಚರ್ಮಕ್ಕೆ ಏನೂ ಆಗದೆ ಕೊಬ್ಬಷ್ಟೇ ಸಾಯುವುದು ಹೇಗೆ? ಚಳಿಗಾಲದ ಬೆಳಿಗ್ಗೆ ನಮ್ಮ ಅಡುಗೆಮನೆಯ ಕಟ್ಟೆ ನೋಡಿದರೆ ಸಾಕು. ಡಬ್ಬಿಯ ತುಪ್ಪ ಗಟ್ಟಿಯಾಗಿರುತ್ತದೆ, ಪಕ್ಕದ ಚೊಂಬಿನ ನೀರು ನೀರಾಗಿಯೇ ಇರುತ್ತದೆ. ನೀರು ಹೆಪ್ಪುಗಟ್ಟುವ ಮೊದಲೇ ಕೊಬ್ಬಿನ ಕೋಶ ತಂಡಿಗೆ ಸೋಲುತ್ತದೆ.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆ್ಯಂಡರ್ಸನ್ ಇದನ್ನೇ ಹಿಡಿದು ಹಂದಿಗಳ ಮೇಲೆ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 2010ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಯಂತ್ರಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೊಂಟದ ಪಕ್ಕದ ಕೊಬ್ಬಿಗೆ ಈ ಯಂತ್ರವನ್ನು ಒಪ್ಪಿತು, 2012ರಲ್ಲಿ ಹೊಟ್ಟೆಗೂ.

ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಸ್ವಲ್ಪ. ಸತ್ತ ಕೋಶಗಳನ್ನು ದೇಹ ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಎತ್ತಿ ಹಾಕುತ್ತದೆ. ಬಟ್ಟಲು ಹಿಡಿದ ಜಾಗದ ಕೊಬ್ಬಿನ ಪದರ ಸುಮಾರು 20ರಿಂದ 25 ಶೇಕಡಾ ತೆಳುವಾಗುತ್ತದೆ. ತೂಕದ ಕಾಟಾದಲ್ಲಿ ಅದು ಕಾಣುವುದಿಲ್ಲ. ಕೆಂಪು, ಊತ, ಕೆಲವು ವಾರ ಜೋಮು ಹಿಡಿದಂತಿರುವುದು ಸಾಮಾನ್ಯ. ತಂಡಿಗೆ ರಕ್ತದ ಪ್ರೋಟೀನು ಗಟ್ಟಿಯಾಗುವ ಕ್ರಯೋಗ್ಲಾಬ್ಯುಲಿನೀಮಿಯಾದಂಥ ಕಾಯಿಲೆಯವರು ಇದರ ಹತ್ತಿರ ಹೋಗಲೇಬಾರದು.

ನನ್ನನ್ನು ಕಾಡಿದ್ದು ಇನ್ನೊಂದು. ಕೆಲವರಲ್ಲಿ ಕೊಬ್ಬು ಕರಗುವ ಬದಲು ಬೆಳೆಯುತ್ತದೆ. ಕೆಲವು ತಿಂಗಳಲ್ಲಿ ಬಟ್ಟಲಿನ ಆಕಾರದಲ್ಲೇ ಗಟ್ಟಿ ಉಬ್ಬು ಏಳುತ್ತದೆ, ತಾನಾಗಿ ಇಳಿಯುವುದಿಲ್ಲ. ಯಾವ ಶಸ್ತ್ರಚಿಕಿತ್ಸೆ ಬೇಡವೆಂದು ಇಲ್ಲಿಗೆ ಬಂದಿದ್ದರೋ, ಕೊನೆಗೆ ಅದೇ ಗತಿ. 2014ರಲ್ಲಿ ಮೊದಲ ವರದಿ ಬಂದಾಗ ಸುಮಾರು 20 ಸಾವಿರ ಚಿಕಿತ್ಸೆಗಳಿಗೆ ಒಂದು ಎಂಬ ಅಂದಾಜಿತ್ತು. ಬೇರೆ ವೈದ್ಯರು ತಮ್ಮ ರೋಗಿಗಳ ಲೆಕ್ಕ ಕೊಟ್ಟಾಗ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚಿತ್ತು. 2021ರ ಸೆಪ್ಟೆಂಬರಿನಲ್ಲಿ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತನಗೂ ಹೀಗಾಯಿತೆಂದು ಬಹಿರಂಗವಾಗಿ ಹೇಳಿದ ಮೇಲೆಯೇ ಲೋಕಕ್ಕೆಲ್ಲ ಇದು ಗೊತ್ತಾದದ್ದು. ವೈನಿಗೆ ಕ್ಲಿನಿಕ್ಕಿನಲ್ಲಿ ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಇಂಗ್ಲಿಷ್ ಕಾಗದದ ಮೂರನೇ ಪುಟದಲ್ಲಿ ಒಂದು ಸಾಲಿತ್ತು, ಅದರ ಕೆಳಗೆ ಸಹಿ ಹಾಕಿಸಿಕೊಂಡರು. ಇದು ತಪ್ಪು. ಅಪರೂಪದ್ದೇ ಆದರೂ ರೋಗಿಯ ಭಾಷೆಯಲ್ಲಿ, ಮುಖ ನೋಡಿ ಹೇಳಬೇಕಾದ ಮಾತು ಅದು.

ವೈನಿಗೆ ಆ ಉಬ್ಬು ಬರಲಿಲ್ಲ. ಮೂರು ತಿಂಗಳಿಗೆ ಮಡಿಕೆ ತುಸು ಇಳಿಯಿತು, ರವಿಕೆಯ ಕೆಳಗೆ ಸೀರೆ ನೀಟಾಗಿ ಕೂರುತ್ತದೆ, ಅವರಿಗೆ ಖುಷಿ. ಆದರೆ ಅವರು ಹೋದದ್ದು "ಹೊಟ್ಟಿ ಇಳದ್ರ ಶುಗರ್ ಬರೂದಿಲ್ಲ" ಎಂಬ ನಂಬಿಕೆಯಿಂದ. ಅವರ ತಾಯಿಗೂ ಅಣ್ಣನಿಗೂ ಸಕ್ಕರೆ ಕಾಯಿಲೆ ಇದೆ.

ಅದಕ್ಕೆ ಉತ್ತರ ಈ ಊರಿನಲ್ಲೇ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರಲ್ಲಿ 21.2. ನೋಡಲು ತೆಳ್ಳಗಿದ್ದರೂ ನಮ್ಮವರ ಒಳಗೆ ಕೊಬ್ಬು ಜಾಸ್ತಿ. ಸಕ್ಕರೆ ಕಾಯಿಲೆಗೆ ದಾರಿ ಮಾಡುವುದು ಹೆಚ್ಚಾಗಿ ಕರುಳು, ಯಕೃತ್ತಿನ ಸುತ್ತ ಕೂತಿರುವ ಕೊಬ್ಬು. ಬಟ್ಟಲು ಹಿಡಿಯುವುದು ಬೆರಳಲ್ಲಿ ಚಿವುಟಲು ಸಿಗುವ ಮಡಿಕೆಯನ್ನು ಮಾತ್ರ, ಅದರ ತಂಡಿ ಒಳಗಿನ ಕೊಬ್ಬಿನತನಕ ಹೋಗುವುದೇ ಇಲ್ಲ.

ಇದನ್ನು ಹೇಳಿದಾಗ ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಡಬ್ಬಿಯಿಂದ ಟೇಪು ತಂದು ಸೊಂಟ ಅಳೆದುಕೊಂಡರು. 88 ಸೆಂಟಿಮೀಟರ್. ಭಾರತದ ಹೆಂಗಸರಿಗೆ ಹೇಳುವ ಮಿತಿ 80. ಭಾನುವಾರ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಇಬ್ಬರೂ ಶುಗರ್ ಟೆಸ್ಟಿಗೆ ಹೋಗುತ್ತಿದ್ದೇವೆ.